ತೆರೆದು ನೋಡುವ ದವಡೆ ಹಲ್ಲು: ಒಂದು ವರ್ಷ ತರಗತಿಯಲ್ಲಿ ಬಳಸಿದ ಮೇಲೆ

ಕಳೆದ ವರ್ಷ ಜೂನ್‌ನಲ್ಲಿ, ಶಾಲೆ ಶುರುವಾದ ವಾರವೇ, ದಾವಣಗೆರೆಯ ಮಂಡಿಪೇಟೆ ಕಡೆ ಹೋಗಿ ಒಂದು ಪ್ಲಾಸ್ಟಿಕ್ ಹಲ್ಲು ತಂದೆ. ಒಂದೇ ಹಲ್ಲು. ಕೆಳಗಿನ ದವಡೆಯದ್ದು. ಒಂದು ಗೇಣು ಎತ್ತರ ಇದೆ. ನಡುವೆ ಸೀಳಿದ ಹಾಗೆ ಎರಡು ಹೋಳಾಗಿ ತೆರೆಯುತ್ತದೆ. 1,450 ರೂಪಾಯಿ ಆಯಿತು. ಶಾಲೆಯ ಅನುದಾನಕ್ಕೆ ಕಾಯಲಿಲ್ಲ, ಕೈಯಿಂದಲೇ ಕೊಟ್ಟೆ. ಒಂದು ವರ್ಷ ಆರು ಮತ್ತು ಏಳನೇ ತರಗತಿಗೆ ಇದನ್ನು ಬಳಸಿದ್ದೇನೆ. ಬೇರೆ ಶಿಕ್ಷಕರು, ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುವವರು ಇದನ್ನು ಕೊಳ್ಳಬೇಕಾ ಅಂತ ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಕೊಂಡಿದ್ದಕ್ಕೆ ಒಂದು ಕಾರಣ ಇದೆ. ನಾನು ಚಿತ್ರದುರ್ಗ ಜಿಲ್ಲೆಯ ಭರಮಸಾಗರದ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಅದಕ್ಕೂ ಹಿಂದಿನ ವರ್ಷ ನಮ್ಮ ಅಂಗಳದಲ್ಲಿ ಕಬಡ್ಡಿ ಆಡುವಾಗ ಏಳನೇ ತರಗತಿಯ ಒಬ್ಬ ಹುಡುಗನ ಬಾಯಿಗೆ ಇನ್ನೊಬ್ಬನ ಮೊಣಕೈ ಬಡಿಯಿತು. ಮೇಲಿನ ಬಾಚಿಹಲ್ಲು ಒಂದು ಬೇರು ಸಮೇತ ಹೊರಗೆ ಬಂತು. ಮಣ್ಣಿನಲ್ಲಿ ಹುಡುಕಿ ತೆಗೆದೆವು. ನಲ್ಲಿಯ ಕೆಳಗೆ ಹಿಡಿದು, ಬೇರಿಗೆ ಅಂಟಿದ್ದ ಕೆಂಪಗಿನದ್ದೆಲ್ಲ ಹೋಗುವ ತನಕ ಬೆರಳಿನಿಂದ ಉಜ್ಜಿದೆ. ಶುಚಿಯಾಗಿರಲಿ ಅಂತ. ಆಮೇಲೆ ಕಾಗದದಲ್ಲಿ ಸುತ್ತಿ, ಬೈಕಿನಲ್ಲಿ ಆಸ್ಪತ್ರೆಗೆ ಕಳಿಸಿದೆವು. ತಲುಪುವ ಹೊತ್ತಿಗೆ ಹಲ್ಲು ಬಿದ್ದು ಎರಡು ಗಂಟೆ ಕಳೆದಿತ್ತು. ಅಲ್ಲಿನ ಡಾಕ್ಟರ್ ಫೋನಿನಲ್ಲಿ ನನಗೆ ಹೇಳಿದರು: "ಮೇಡಂ, ಉಜ್ಜಬಾರದಿತ್ತು. ಹಾಲಿನಲ್ಲಿ ಹಾಕಿ ಬೇಗ ತಂದಿದ್ದರೆ ಹಲ್ಲನ್ನು ಅದೇ ಜಾಗದಲ್ಲಿ ಕೂರಿಸಿ ನೋಡಬಹುದಿತ್ತು." ನಮ್ಮ ಅಡುಗೆ ಕೋಣೆಯಲ್ಲಿ ಕ್ಷೀರಭಾಗ್ಯದ ಹಾಲಿನ ಪುಡಿ ಇತ್ತು. ಎದುರು ಮನೆಯಲ್ಲಿ ಎಮ್ಮೆ ಕಟ್ಟಿದ್ದರು. ಹಾಲು ನಮ್ಮ ಕೈಗೆಟುಕುವಷ್ಟು ಹತ್ತಿರ ಇತ್ತು.

ಆ ಬೇರಿನ ಮೇಲೆ ನಾನು ಉಜ್ಜಿ ತೆಗೆದದ್ದು ಏನು ಅಂತ ಆ ದಿನ ನನಗೆ ಗೊತ್ತಿರಲಿಲ್ಲ. ಹತ್ತು ವರ್ಷದಿಂದ ಹಲ್ಲಿನ ಪಾಠ ಮಾಡುತ್ತಾ ಬಂದಿದ್ದೆ. ಬಾಚಿಹಲ್ಲು, ಕೋರೆಹಲ್ಲು, ಮುಂದವಡೆ, ಹಿಂದವಡೆ ಅಂತ ಹೆಸರು ಬರೆಸಿ, ಚಿತ್ರ ಬಿಡಿಸಿಸಿ ಮುಂದಕ್ಕೆ ಹೋಗುತ್ತಿದ್ದೆ. ಇನ್ನು ಹಾಗೆ ಮಾಡಬಾರದು ಅನ್ನಿಸಿತು.

ದಾವಣಗೆರೆಯಲ್ಲಿ ಎರಡು ದಂತ ವೈದ್ಯಕೀಯ ಕಾಲೇಜುಗಳಿವೆ. ಹಾಗಾಗಿ ಹಲ್ಲಿಗೆ ಸಂಬಂಧಪಟ್ಟ ಸಾಮಾನು ಸಿಗುವುದು ಕಷ್ಟವಲ್ಲ. ಅಂಗಡಿಯವರು ಮೊದಲು ತೋರಿಸಿದ್ದು ಇಡೀ ದವಡೆಯ ಮಾದರಿ. ಬಾಯಿ ತೆರೆದು ಮುಚ್ಚುತ್ತದೆ, ಜೊತೆಗೆ ಒಂದು ದೊಡ್ಡ ಬ್ರಷ್. ಹಲ್ಲುಜ್ಜುವುದನ್ನು ಕಲಿಸಲು ಅದು ಚೆನ್ನಾಗಿದೆ. ಆದರೆ ಹಲ್ಲಿನ ಒಳಗೆ ಏನಿದೆ ಅಂತ ಅದು ತೋರಿಸುವುದಿಲ್ಲ. ಎಣಿಸಿದರೆ 28 ಹಲ್ಲು ಇದ್ದವು, ಬುದ್ಧಿಹಲ್ಲು ನಾಲ್ಕನ್ನು ಬಿಟ್ಟಿದ್ದಾರೆ. ಮಕ್ಕಳು ಮೊದಲು ಮಾಡುವ ಕೆಲಸವೇ ಎಣಿಸುವುದು, ಅಲ್ವಾ? ಪುಸ್ತಕದಲ್ಲಿ 32 ಅಂತ ಇದ್ದು ಮಾದರಿಯಲ್ಲಿ 28 ಇದ್ದರೆ ಅರ್ಧ ತರಗತಿ ಅದಕ್ಕೇ ಹೋಗುತ್ತದೆ. ನಾನು ಬಿಡಿ ಹಲ್ಲನ್ನೇ ಆರಿಸಿದೆ. ಪಕ್ಕದಲ್ಲಿ ಮೇಣದ ಬ್ಲಾಕ್‌ಗಳು ಪೇರಿಸಿಟ್ಟಿದ್ದವು. ಮೊದಲ ವರ್ಷದ ವಿದ್ಯಾರ್ಥಿಗಳು ಅದರಲ್ಲಿ ಒಂದೊಂದೇ ಹಲ್ಲು ಕೆತ್ತಿ ಕಲಿಯುತ್ತಾರಂತೆ. ಆ ಮಾತು ಮನಸ್ಸಿನಲ್ಲಿ ಉಳಿಯಿತು. ಆಮೇಲೆ ನಮ್ಮ ಮಕ್ಕಳ ಕೈಗೂ ಸೋಪು ಕೊಟ್ಟು ದವಡೆ ಹಲ್ಲು ಕೆತ್ತಿಸಿದೆ. ಕೆತ್ತುವಾಗಲೇ ಅವರಿಗೆ ಗೊತ್ತಾಗಿದ್ದು, ಕೆಳಗಿನ ಮೊದಲ ದವಡೆ ಹಲ್ಲಿನ ಮೇಲೆ ಸಾಮಾನ್ಯವಾಗಿ ಐದು ಗುಡ್ಡ ಇರುತ್ತವೆ, ಕೆನ್ನೆ ಕಡೆಗೆ ಮೂರು, ನಾಲಿಗೆ ಕಡೆಗೆ ಎರಡು ಅಂತ.

ಈಗ ಮಾದರಿಯ ವಿಷಯ. ಮುಚ್ಚಿದಾಗ ಅದು ಬಿಳಿ ತಲೆ, ಎರಡು ಕಾಲಿನ ಹಲ್ಲು. ಕೆಳ ದವಡೆ ಹಲ್ಲಿಗೆ ಎರಡು ಬೇರು, ಮೇಲಿನದಕ್ಕೆ ಮೂರು, ಅದು ಸರಿಯಾಗಿದೆ. ಅಳತೆಯ ಅನುಪಾತವೂ ಸರಿ. ನಿಜವಾದ ಕೆಳ ದವಡೆ ಹಲ್ಲು ಬೇರಿನ ತುದಿಯವರೆಗೆ 2 ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಇರುತ್ತದೆ. ಅದರಲ್ಲಿ ಬಾಯಲ್ಲಿ ಕಾಣುವುದು 7-8 ಮಿಲಿಮೀಟರ್ ಅಷ್ಟೇ. ಒಂದು ಪಾಲು ಹೊರಗೆ, ಎರಡು ಪಾಲು ಒಳಗೆ. ಮಕ್ಕಳಿಗೆ ಇದೇ ಮೊದಲ ಆಶ್ಚರ್ಯ. "ಇಷ್ಟುದ್ದ ಒಳಗೈತಾ ಮಿಸ್?" ಅಂತ ತಮ್ಮ ದವಡೆಯನ್ನು ಹೊರಗಿನಿಂದ ಒತ್ತಿ ನೋಡಿಕೊಂಡರು.

ತೆರೆದರೆ ಮೇಲೆ ದಪ್ಪ ಬಿಳಿ ಪದರ. ಅದು ಎನಾಮೆಲ್. ನಮ್ಮ ಇಡೀ ದೇಹದಲ್ಲಿ ಇದಕ್ಕಿಂತ ಗಟ್ಟಿ ವಸ್ತು ಇಲ್ಲ. ತೂಕದಲ್ಲಿ ನೂರಕ್ಕೆ 96 ಪಾಲು ಖನಿಜ. ಅದರಲ್ಲಿ ಜೀವಕೋಶ ಇಲ್ಲ, ನರ ಇಲ್ಲ. ಅದನ್ನು ಕಟ್ಟಿದ ಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರುವ ಹೊತ್ತಿಗೆ ಕೆಲಸ ಮುಗಿಸಿ ಇಲ್ಲವಾಗುತ್ತವೆ. ಹಾಗಾಗಿ ಸವೆದರೆ, ಮುರಿದರೆ ಮತ್ತೆ ಬೆಳೆಯುವುದಿಲ್ಲ. ಮೂಳೆ ಮುರಿದರೆ ಕೂಡಿಕೊಳ್ಳುತ್ತದೆ, ಎನಾಮೆಲ್ ಕೂಡಿಕೊಳ್ಳುವುದಿಲ್ಲ. ಇಲ್ಲಿ ಮಾದರಿಯಲ್ಲಿ ಒಂದು ತಪ್ಪಿದೆ. ಪದರ ಮೇಲಿನಿಂದ ಕುತ್ತಿಗೆಯವರೆಗೆ ಒಂದೇ ದಪ್ಪ. ನಿಜದಲ್ಲಿ ಗುಡ್ಡದ ತುದಿಯಲ್ಲಿ ಸುಮಾರು 2.5 ಮಿಲಿಮೀಟರ್ ಇರುವುದು ಕೆಳಗೆ ಬರುತ್ತಾ ತೆಳ್ಳಗಾಗಿ, ವಸಡಿನ ಹತ್ತಿರ ಚಾಕುವಿನ ಅಂಚಿನಂತೆ ಮುಗಿಯುತ್ತದೆ. ಈ ವ್ಯತ್ಯಾಸ ಸಣ್ಣದಲ್ಲ. ವಸಡು ಕೆಳಗೆ ಸರಿದ ಅಜ್ಜಿಯರಿಗೆ ತಣ್ಣೀರು ಕುಡಿದಾಗ ಜುಮ್ ಅನ್ನುವುದು ಅಲ್ಲೇ. ಮಕ್ಕಳಿಗೆ ಅದನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇನೆ.

ಅದರ ಕೆಳಗಿನ ಹಳದಿ ಭಾಗ ಡೆಂಟಿನ್. ಹಲ್ಲಿನ ಹೆಚ್ಚಿನ ಪಾಲು ಇದೇ. ಈ ಮಾದರಿಯಲ್ಲಿ ನನಗೆ ತುಂಬಾ ಮೆಚ್ಚುಗೆಯಾದ ಭಾಗವೂ ಇದೇ. ಹಳದಿ ಬಣ್ಣದ ಮೇಲೆ ಒಳಗಿನಿಂದ ಹೊರಗೆ ಹರಡಿದ ಸಣ್ಣ ಸಣ್ಣ ಗೆರೆ ಎಳೆದಿದ್ದಾರೆ. ಯಾರೋ ತಿಳಿದವರು ಮಾಡಿದ ಕೆಲಸ. ಡೆಂಟಿನ್ ತುಂಬ ಕಣ್ಣಿಗೆ ಕಾಣದ ಕೊಳವೆಗಳು ಇರುತ್ತವೆ. ಒಂದು ಚದರ ಮಿಲಿಮೀಟರ್‌ನಲ್ಲಿ ಹತ್ತಾರು ಸಾವಿರ. ಅವುಗಳಲ್ಲಿ ದ್ರವ ಇರುತ್ತದೆ. ಮೇಲಿನ ಪದರ ಹೋದ ಜಾಗಕ್ಕೆ ಐಸ್‌ಕ್ಯಾಂಡಿ ತಾಗಿದರೆ ಆ ದ್ರವ ಅಲುಗುತ್ತದೆ, ಒಳಗಿನ ನರಕ್ಕೆ ತಿಳಿಯುತ್ತದೆ. ನಮ್ಮ ಹಲ್ಲು ಅಚ್ಚ ಬಿಳಿ ಇರದೆ ಸ್ವಲ್ಪ ಹಳದಿ ಕಾಣುವುದೂ ಡೆಂಟಿನ್‌ನಿಂದಲೇ. ಎನಾಮೆಲ್ ಅರೆಪಾರದರ್ಶಕ, ಒಳಗಿನ ಬಣ್ಣ ಹೊರಗೆ ತೋರುತ್ತದೆ. ಜಾಹೀರಾತಿನ ಬಿಳುಪು ನೋಡಿ ಬೇಸರ ಮಾಡಿಕೊಳ್ಳುವ ಮಕ್ಕಳಿಗೆ ಇದನ್ನು ಹೇಳಲೇಬೇಕು.

ನಡುವೆ ಕೆಂಪು ಪಲ್ಪ್. ಇದು ಕೈಗೆ ಎತ್ತಿಕೊಳ್ಳಲು ಬರುತ್ತದೆ. ಮೆತ್ತನೆ ರಬ್ಬರು, ಮೇಲೆ ಕೆಂಪು ನೀಲಿ ಎಳೆ, ಹಳದಿ ನರ. ಎರಡು ಬಾಲ ಎರಡು ಬೇರಿನೊಳಗೆ ಇಳಿಯುತ್ತವೆ. ಹಲ್ಲು ಅಂದರೆ ಕಲ್ಲು ಅಂದುಕೊಂಡಿದ್ದ ಮಕ್ಕಳು ಇದನ್ನು ಕೈಯಲ್ಲಿ ಹಿಡಿದಾಗ ಸುಮ್ಮನಾದರು. ಆಗ ಹಿಂದಿನ ಬೆಂಚಿನ ಒಬ್ಬಳು ಕೇಳಿದಳು, "ಮಿಸ್, ರಕ್ತ ಎಲ್ಲಿಂದ ಒಳಗೆ ಬರ್ತೈತಿ?" ತಿರುಗಿಸಿ ನೋಡಿದರೆ ಎರಡೂ ಬೇರಿನ ತುದಿ ಮುಚ್ಚಿತ್ತು. ಎರಕ ಹೊಯ್ದು ನುಣ್ಣಗೆ ಉಜ್ಜಿದ್ದಾರೆ, ತೂತೇ ಇಲ್ಲ. ಇದು ದೊಡ್ಡ ಲೋಪ. ಬೇರಿನ ತುದಿಯಲ್ಲಿ ಒಂದು ಸಣ್ಣ ರಂಧ್ರ ಇದ್ದೇ ಇರುತ್ತದೆ. ನರ, ರಕ್ತನಾಳ ಎಲ್ಲ ಅಲ್ಲಿಂದಲೇ ಒಳಗೆ ಬರಬೇಕು. ಮಧ್ಯಾಹ್ನ ಅಡುಗೆಯ ಅಕ್ಕನ ಹತ್ತಿರ ದಬ್ಬಣ ಕಾಯಿಸಿಕೊಂಡು ಎರಡೂ ತುದಿಗೆ ತೂತು ಮಾಡಿದೆ. ಕೆಂಪು ನೀಲಿ ಉಲ್ಲನ್ ದಾರ ತೂರಿಸಿದೆ. ಮರುದಿನ ಅದನ್ನು ಕಂಡ ಅದೇ ಹುಡುಗಿ "ಓಬವ್ವನ ಕಿಂಡಿ" ಅಂದಳು.

ಅಂದಿನಿಂದ ನಮ್ಮ ಶಾಲೆಯಲ್ಲಿ ಅದರ ಹೆಸರು ಅದೇ. ಚಿತ್ರದುರ್ಗದ ಕೋಟೆಗೆ ಪ್ರತಿ ವರ್ಷ ಪ್ರವಾಸ ಹೋಗುವ ಮಕ್ಕಳು ಅವರು. ಅಷ್ಟು ದೊಡ್ಡ ಕಲ್ಲುಗೋಡೆಯಲ್ಲಿ ಒಬ್ಬ ಮನುಷ್ಯ ತೂರುವಷ್ಟೇ ಜಾಗ ಹೇಗಿದೆ ಅಂತ ಕಣ್ಣಾರೆ ಕಂಡಿದ್ದಾರೆ. ಗಟ್ಟಿ ಗೋಡೆಯ ನಡುವೆ ಮೆತ್ತನೆ ಜೀವ, ಅದಕ್ಕೆ ಒಂದೇ ಕಿರಿದಾದ ದಾರಿ. ಹಲ್ಲುನೋವು ಯಾಕೆ ಅಷ್ಟು ಜೋರಾಗಿ ಬಡಿಯುತ್ತದೆ ಅನ್ನುವುದೂ ಇದರಿಂದ ತಿಳಿಯಿತು. ಕೈಗೆ ಪೆಟ್ಟಾದರೆ ಊದಿಕೊಳ್ಳಲು ಜಾಗ ಇದೆ. ಪಲ್ಪ್ ಊದಿಕೊಂಡರೆ ಸುತ್ತ ಗೋಡೆ. ಒತ್ತಡ ಎಲ್ಲಿಗೂ ಹೋಗಲಾರದು.

ಜೊತೆಗೆ ಒಂದು ಬಿಡಿ ತುಂಡು ಕೊಡುತ್ತಾರೆ, ಹುಳುಕಿನ ತುಂಡು. ಹಲ್ಲಿನ ತಲೆಯಲ್ಲಿ ಕೂರಿಸಿದರೆ ಸಣ್ಣ ಕಪ್ಪು ಚುಕ್ಕೆ, ಆಮೇಲೆ ಡೆಂಟಿನ್‌ಗೆ ಇಳಿದ ಕುಳಿ, ಕೊನೆಗೆ ಪಲ್ಪ್ ಮುಟ್ಟಿದ ಕುಳಿ, ಹೀಗೆ ಮೂರು ಹಂತ ಕಾಣುತ್ತದೆ. ಇದಕ್ಕಾಗಿಯೇ ಕೊಳ್ಳಬಹುದು ಅಂತ ಹೇಳುತ್ತೇನೆ. ಹುಳುಕು ಹಲ್ಲಿನಲ್ಲಿ ಹುಳು ಇರುತ್ತದೆ ಅಂತ ನಮ್ಮಲ್ಲಿ ದೊಡ್ಡವರೂ ನಂಬುತ್ತಾರೆ. ಹುಳು ಇಲ್ಲ. ಬ್ಯಾಕ್ಟೀರಿಯಾ ಇದೆ. ನಾವು ತಿಂದ ಸಿಹಿ, ಪಿಷ್ಟವನ್ನು ಅದು ಆಮ್ಲ ಮಾಡುತ್ತದೆ. ಬಾಯಿಯ ಪಿಎಚ್ (ಆಮ್ಲದ ಅಳತೆ, ಕಡಿಮೆಯಾದಷ್ಟೂ ಆಮ್ಲ ಜಾಸ್ತಿ) ಸುಮಾರು 5.5ಕ್ಕಿಂತ ಕೆಳಗೆ ಇಳಿದರೆ ಎನಾಮೆಲ್ ಕರಗಲು ಶುರು. ದವಡೆ ಹಲ್ಲಿನ ಗುಡ್ಡಗಳ ನಡುವಿನ ಸಂದಿಯಲ್ಲಿ ಮಂಡಕ್ಕಿ ಹಿಟ್ಟಿನಂತೆ ಮೆತ್ತಿಕೊಳ್ಳುವುದನ್ನು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ಮೊದಲ ಹಂತದಲ್ಲಿ ನೋವೇ ಇರುವುದಿಲ್ಲ, ಎನಾಮೆಲ್‌ಗೆ ನರ ಇಲ್ಲವಲ್ಲ. ಎರಡನೇ ಹಂತದಲ್ಲಿ ತಣ್ಣಗಿನದು, ಸಿಹಿ ತಾಗಿದರೆ ಜುಮ್. ಮೂರನೆಯದರಲ್ಲಿ ರಾತ್ರಿ ನಿದ್ದೆ ಇಲ್ಲ. "ನೋಯ್ತಾ ಇಲ್ವಲ್ಲ, ಯಾಕೆ ಡಾಕ್ಟರ್ ಹತ್ರ ಹೋಗೋದು" ಅನ್ನುವ ಮಾತಿಗೆ ಈ ಮೂರು ಹಂತಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ. ಪೋಷಕರ ಸಭೆಯಲ್ಲೂ ಇದನ್ನೇ ಕೈಯಿಂದ ಕೈಗೆ ದಾಟಿಸಿದೆ.

ಆದರೆ ನಾನು ಯಾವುದಕ್ಕಾಗಿ ಕೊಂಡೆನೋ ಅದು ಇದರಲ್ಲಿ ಇಲ್ಲ. ಹಲ್ಲು ಬರೀ ಒಂದು ಕಬ್ಬಿಣದ ಕಡ್ಡಿಯ ಮೇಲೆ ನಿಂತಿದೆ. ಸುತ್ತ ಮೂಳೆ ಇಲ್ಲ, ವಸಡು ಇಲ್ಲ. ಬೇರಿನ ಮೇಲಿನ ತೆಳುವಾದ ಸಿಮೆಂಟಮ್ ಪದರಕ್ಕೆ ಬೇರೆ ಬಣ್ಣವನ್ನೂ ಕೊಟ್ಟಿಲ್ಲ. ಬೇರಿಗೂ ದವಡೆ ಮೂಳೆಗೂ ನಡುವೆ ಇರುವ ನಾರಿನ ಸುಳಿವೇ ಇಲ್ಲ. ಹಲ್ಲು ಮೂಳೆಗೆ ಗೋಡೆಯ ಮೊಳೆಯಂತೆ ಬಡಿದಿರುವುದಲ್ಲ. ಸಾವಿರಾರು ಸಣ್ಣ ನಾರುಗಳು ಒಂದು ಕಡೆ ಸಿಮೆಂಟಮ್‌ಗೆ, ಇನ್ನೊಂದು ಕಡೆ ಮೂಳೆಗೆ ಕಟ್ಟಿಕೊಂಡಿರುತ್ತವೆ. ಆ ಸಂದಿಯ ಅಗಲ ಸುಮಾರು 0.2 ಮಿಲಿಮೀಟರ್. ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲಂತೆ ಹಲ್ಲು ಅದರಲ್ಲಿ ಕೂತಿರುತ್ತದೆ. ಶೇಂಗಾ ಕಡಿದಾಗ ಅದು ಒಂಚೂರು ಒಳಗೆ ಇಳಿದು ಮತ್ತೆ ಏಳುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕಿದರೆ ತಕ್ಷಣ ಗೊತ್ತಾಗುವುದೂ ಅಲ್ಲಿರುವ ನರಗಳಿಂದ.

ಆ ದಿನ ನಲ್ಲಿಯ ಕೆಳಗೆ ನಾನು ಉಜ್ಜಿ ತೆಗೆದಿದ್ದು ಅದನ್ನೇ. ಆ ನಾರಿನ ಜೀವಕೋಶಗಳು ಉಳಿದಿದ್ದರೆ ಹಲ್ಲು ಮತ್ತೆ ಹಿಡಿದುಕೊಳ್ಳಬಹುದಿತ್ತು.

ಹಾಗಾಗಿ ಅದನ್ನು ನಾವೇ ಮಾಡಿದೆವು. ತೆಂಗಿನ ನಾರು ಬಿಡಿಸಿ ಮಾದರಿಯ ಎರಡು ಬೇರಿಗೂ ಸುತ್ತಿದೆವು. ಒಂದು ಕುಂಡದಲ್ಲಿ ಹಸಿ ಜೇಡಿಮಣ್ಣು ತುಂಬಿ ಅದರೊಳಗೆ ಹಲ್ಲನ್ನು ಕೂರಿಸಿದೆವು. ಮಣ್ಣೇ ದವಡೆ ಮೂಳೆ. ಮೇಲೆ ಗುಲಾಬಿ ಬಟ್ಟೆ ಹೊದಿಸಿದೆವು, ಅದು ವಸಡು. ಈಗ ಮಕ್ಕಳು ಒಬ್ಬೊಬ್ಬರಾಗಿ ಬಂದು ಹಲ್ಲನ್ನು ಮೆಲ್ಲಗೆ ಅಲುಗಿಸಿ ನೋಡಿದರು. ಆಮೇಲೆ ಒಂದು ಅಭ್ಯಾಸ ಮಾಡಿಸಿದೆ. ಹಲ್ಲು ಕಿತ್ತು ನೆಲಕ್ಕೆ ಬಿದ್ದರೆ ಏನು ಮಾಡಬೇಕು? ಬಿಳಿ ಭಾಗ ಮಾತ್ರ ಹಿಡಿಯಬೇಕು, ಬೇರು ಮುಟ್ಟಬಾರದು. ಮಣ್ಣಾಗಿದ್ದರೆ ಒಂದು ಸಲ ನೀರು ಹಾಯಿಸಬೇಕು, ಉಜ್ಜಬಾರದು. ಒಣಗಲು ಬಿಡಬಾರದು, ಸಕ್ಕರೆ ಹಾಕದ ಆರಿದ ಹಾಲಿನಲ್ಲಿ ಹಾಕಬೇಕು. ಹಲ್ಲಿನ ಡಾಕ್ಟರ್ ಹತ್ತಿರ ಅರ್ಧ ಗಂಟೆ, ತೀರಾ ಅಂದರೆ ಒಂದು ಗಂಟೆಯೊಳಗೆ ಹೋಗಬೇಕು. ಹಾಲುಹಲ್ಲಾದರೆ ವಾಪಸ್ ಕೂರಿಸುವುದಿಲ್ಲ, ಕೆಳಗೆ ಬರುತ್ತಿರುವ ಹಲ್ಲಿಗೆ ಪೆಟ್ಟಾಗಬಹುದು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಡುಗೆ ಕೋಣೆಯ ಬಾಗಿಲಿಗೆ ಅಂಟಿಸಿದ್ದೇವೆ. ಆಟದ ಸಾಮಾನಿನ ಜೊತೆ ಮುಚ್ಚಳ ಇರುವ ಒಂದು ಸಣ್ಣ ಡಬ್ಬಿಯೂ ಇದೆ.

ಮಾದರಿಯ ಬಣ್ಣದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಹಾಲಿನಷ್ಟು ಬೆಳ್ಳಗಿದೆ. ನಮ್ಮ ಜಿಲ್ಲೆಯ ಬಹಳಷ್ಟು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ನನ್ನ ತರಗತಿಯಲ್ಲೇ ಮೂರ್ನಾಲ್ಕು ಮಕ್ಕಳ ಮುಂದಿನ ಹಲ್ಲಿನ ಮೇಲೆ ಕಂದು ಪಟ್ಟೆ ಇದೆ. ಒಬ್ಬಳು ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಮನೆಯಲ್ಲಿ ಯಾರೋ ಇಟ್ಟಿಗೆ ಪುಡಿಯಲ್ಲಿ ಉಜ್ಜಲು ಹೇಳಿದ್ದರಂತೆ. ಈ ಬೆಳ್ಳಗಿನ ಹಲ್ಲನ್ನು ಮೇಜಿನ ಮೇಲೆ ಇಟ್ಟ ದಿನ ಅವಳ ಮುಖ ನೋಡಿ ನನಗೆ ಸಂಕಟವಾಯಿತು. ಪಾಠ ನಿಲ್ಲಿಸಿ ಅದನ್ನೇ ಹೇಳಿದೆ. ಅದು ಕೊಳೆ ಅಲ್ಲ. ಹಲ್ಲುಜ್ಜದೆ ಬಂದದ್ದೂ ಅಲ್ಲ. ಆ ಹಲ್ಲುಗಳ ಎನಾಮೆಲ್ ಕಟ್ಟುತ್ತಿದ್ದಾಗ, ಅಂದರೆ ಅವಳು ತೀರಾ ಚಿಕ್ಕವಳಿದ್ದಾಗ, ವಸಡಿನ ಒಳಗೇ ಆದದ್ದು. ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಬಲ, ಜಾಸ್ತಿಯಾದರೆ ಎನಾಮೆಲ್ ಸರಿಯಾಗಿ ಗಟ್ಟಿಯಾಗುವುದಿಲ್ಲ, ಆಮೇಲೆ ಬಣ್ಣ ಹೀರಿಕೊಳ್ಳುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 1.5 ಮಿಲಿಗ್ರಾಂ ಮಿತಿ. ಇಟ್ಟಿಗೆ ಪುಡಿ, ಇದ್ದಿಲು ಹಾಕಿ ಉಜ್ಜಿದರೆ ಇರುವ ಎನಾಮೆಲ್ ಕೂಡ ಸವೆಯುತ್ತದೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಶುದ್ಧ ನೀರಿನ ಘಟಕದ ನೀರನ್ನು ಮನೆಯ ಚಿಕ್ಕ ಮಕ್ಕಳಿಗೆ ಮೊದಲು ಕೊಡಿ ಅಂತ ಹೇಳಿ ಕಳಿಸಿದೆ, ಅವರ ಹಲ್ಲು ಈಗ ಕಟ್ಟುತ್ತಿದೆ. ಕಂದು ಪಟ್ಟೆಯ ಒಂದು ಹಲ್ಲನ್ನೂ ತಯಾರಕರು ಡಬ್ಬಿಯಲ್ಲಿ ಇಟ್ಟಿದ್ದರೆ ನಮ್ಮಂಥ ಸೀಮೆಗೆ ಎಷ್ಟು ಉಪಕಾರವಾಗುತ್ತಿತ್ತು.

ಮಾದರಿಯ ಪಕ್ಕದಲ್ಲಿ ಒಂದು ಗಾಜಿನ ಬಾಟಲಿ ಇಟ್ಟುಕೊಳ್ಳಿ. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಮಾಡಿನ ಮೇಲೆ ಎಸೆಯುವ ಬದಲು ಒಂದೆರಡನ್ನು ಶಾಲೆಗೆ ತನ್ನಿ ಅಂತ ಚಿಕ್ಕ ತರಗತಿಯವರಿಗೆ ಹೇಳಿದ್ದೆ. ಹನ್ನೊಂದು ಹಲ್ಲು ಬಂದವು. ಬೇರು ಎಲ್ಲಿ ಅಂತ ಎಲ್ಲರೂ ಹುಡುಕಿದರು. ಇಲ್ಲ. ಮುರಿದು ಒಳಗೆ ಉಳಿದಿರಬೇಕು ಅಂದರು. ಕೆಳಗಿನಿಂದ ಹೊಸ ಹಲ್ಲು ಮೇಲೆ ಬರುತ್ತಾ ಬಂದಂತೆ ಹಾಲುಹಲ್ಲಿನ ಬೇರು ಕರಗುತ್ತಾ ಹೋಗುತ್ತದೆ, ಹಿಡಿತ ತಪ್ಪಿ ತಲೆ ಮಾತ್ರ ಉದುರುತ್ತದೆ. ಪ್ಲಾಸ್ಟಿಕ್ ಹಲ್ಲಿನ ಉದ್ದನೆ ಬೇರು ಒಂದು ಕೈಯಲ್ಲಿ, ಬೇರಿಲ್ಲದ ಪುಟ್ಟ ಹಲ್ಲು ಇನ್ನೊಂದು ಕೈಯಲ್ಲಿ ಹಿಡಿದರೆ ಬೇರೆ ವಿವರಣೆಯೇ ಬೇಡ. ಒಬ್ಬ ತಾಯಿ ಮಗನಿಗೆ ಆರು ವರ್ಷದ ಹೊತ್ತಿಗೆ ಬಂದ ದವಡೆ ಹಲ್ಲನ್ನು "ಹಾಲುಹಲ್ಲು, ಬಿದ್ದೋಗ್ತದೆ ಬಿಡಿ ಮಿಸ್" ಅಂತ ಹುಳುಕಿಗೆ ಬಿಟ್ಟಿದ್ದರು. ಅದು ಹಾಲುಹಲ್ಲಲ್ಲ. ಯಾವ ಹಲ್ಲೂ ಬೀಳದೆ, ಹಾಲುಹಲ್ಲುಗಳ ಹಿಂದೆ ಸುಮ್ನೆ ಬರುವ ಮೊದಲ ಶಾಶ್ವತ ಹಲ್ಲು ಅದು. ಬೇರೆ ಹಲ್ಲು ಬರುವುದಿಲ್ಲ ಅಂದಾಗ ಅವರು ಮರುವಾರವೇ ಕರೆದುಕೊಂಡು ಹೋದರು.

ಬಾಳಿಕೆ ಪರವಾಗಿಲ್ಲ. ಎರಡು ಸಲ ಕೆಳಗೆ ಬಿದ್ದರೂ ಒಡೆದಿಲ್ಲ. ಹೋಳು ಹಿಡಿದಿಡುವ ಅಯಸ್ಕಾಂತ ಎಂಟನೇ ತಿಂಗಳಿಗೆ ಕಳಚಿತು, ಅಂಟು ಹಾಕಿ ಕೂರಿಸಿದೆ. ಪಲ್ಪ್‌ನ ನೀಲಿ ಬಣ್ಣ ಮಕ್ಕಳ ಬೆರಳಿಗೆ ಸವೆದಿದೆ. ಭಾಗಗಳ ಹೆಸರಿನ ಕಾರ್ಡು ಇಂಗ್ಲಿಷ್‌ನಲ್ಲಿ ಮಾತ್ರ ಇದೆ, ಕನ್ನಡದ್ದು ನಾನೇ ಬರೆದು ಅಂಟಿಸಿದೆ. ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಳ್ಳುವವರು ಅಂಗಡಿಯಲ್ಲೇ ಪೂರ್ತಿ ತೆರೆಸಿ ನೋಡಿ. ಪಲ್ಪ್ ಹೊರಗೆ ಬರಬೇಕು, ಹುಳುಕಿನ ತುಂಡು ಮೂರು ಹಂತದ್ದಿರಬೇಕು, ಬೇರಿನ ತುದಿ ತೂತಿದೆಯಾ ನೋಡಿ. ಪಲ್ಪ್ ಬರೀ ಬಣ್ಣ ಬಳಿದಿರುವ ಅಗ್ಗದ ಮಾದರಿಯೂ ಅಲ್ಲಿತ್ತು, 600 ರೂಪಾಯಿಯದ್ದು. ಅದು ಬೇಡ.

ಮೂರು ಬೇರಿನ ಮೇಲಿನ ದವಡೆ ಹಲ್ಲು, ಸುತ್ತ ಮೂಳೆ ವಸಡು ಸಮೇತ ಇರುವುದು ಬಂದರೆ ತಿಳಿಸಿ ಅಂತ ಅಂಗಡಿಯಲ್ಲಿ ನನ್ನ ನಂಬರ್ ಕೊಟ್ಟು ಬಂದಿದ್ದೇನೆ. ಅಲ್ಲಿಯವರೆಗೆ ತೆಂಗಿನ ನಾರು ಇದೆ.